ಖಾರ ಹಾಕ್ಲಾ ಡಾರ್ಲಿಂಗ್?

ಸಂಜೆ ಏಳೂವರೆಗೆ ಗೆಸ್ಟ್ ಹೌಸ್ ಬಾಗಿಲು ತಟ್ಟಿದೆವು. ಬಾಗಿಲು ತೆರೆದ ಹೆಂಗಸು ಬಾಯಿ ತುಂಬ ನಕ್ಕು "ಗುಡ್ ನೈಟ್!" ಅಂದರು.

ನಮ್ಮ ಯಜಮಾನರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಬೆಂಗಳೂರಿನಿಂದ ಹೊರಟು, ಮೂರು ವಿಮಾನ ಹತ್ತಿ ಇಳಿದು, ಭೂಮಿಯ ಇನ್ನೊಂದು ಮಗ್ಗುಲಿಗೆ ಬಂದಿದ್ದೇವೆ. ಒಳಗೆ ಕರೆಯುವ ಮೊದಲೇ ಬೀಳ್ಕೊಡುತ್ತಿದ್ದಾರಲ್ಲ! ಇವರು ಗಡಿಬಿಡಿಯಲ್ಲಿ ಬುಕಿಂಗ್ ಕಾಗದ ತೆಗೆದು ಆಕೆಯ ಮುಖದ ಮುಂದೆ ಹಿಡಿದರು. ಆಕೆ ಕಾಗದ ನೋಡಲೇ ಇಲ್ಲ. ಇನ್ನೂ ಜೋರಾಗಿ ಇನ್ನೊಂದು "ಗುಡ್ ನೈಟ್" ಹೇಳಿ ಸೂಟ್‌ಕೇಸನ್ನು ತಾವೇ ಒಳಗೆಳೆದುಕೊಂಡರು.

ಟ್ರಿನಿಡಾಡ್‌ನಲ್ಲಿ ಕತ್ತಲಾದ ಮೇಲೆ ಎದುರಾದವರಿಗೆಲ್ಲ ಗುಡ್ ನೈಟ್. ಅದು ಅಲ್ಲಿಯ ನಮಸ್ಕಾರ. ನಮಗೆ ಅದು ಗೊತ್ತಾಗುವಷ್ಟರಲ್ಲಿ ಇವರು ಎದುರು ಮನೆಯವರಿಗೂ, ಅಂಗಡಿಯವನಿಗೂ "ನೋ ನೋ, ವಿ ಜಸ್ಟ್ ಕೇಮ್" ಅಂತ ಸ್ಪಷ್ಟನೆ ಕೊಟ್ಟಾಗಿತ್ತು.

ಇವರ ಕಂಪನಿ ಕೆಲಸಕ್ಕೆ ಅಲ್ಲಿಯ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ಗೆ ಬಂದದ್ದು. ವೆನೆಜುವೆಲಾದ ಪಕ್ಕದಲ್ಲೇ, ಅತಿ ಹತ್ತಿರದ ಜಾಗದಲ್ಲಿ ಬರೀ 11 ಕಿಲೋಮೀಟರ್ ದೂರದಲ್ಲಿರುವ ದ್ವೀಪ ಟ್ರಿನಿಡಾಡ್. ಕೆಲಸ ಮುಗಿದ ಮೇಲೆ ಒಂದು ದಿನ ಉಳಿಯಿತು. ಗೆಸ್ಟ್ ಹೌಸ್‌ನವರೇ ಒಬ್ಬ ಗೈಡನ್ನು ಗೊತ್ತು ಮಾಡಿಕೊಟ್ಟರು. ಬೆಳಿಗ್ಗೆ ಎಂಟಕ್ಕೆ ಬರಬೇಕಿತ್ತು. ಎಂಟಕ್ಕೆ ಫೋನ್ ಮಾಡಿದರೆ "ಜಸ್ಟ್ ನೌ ಬರ್ತೀನಿ" ಅಂದರು. ಎಂಟೂವರೆಗೂ ಜಸ್ಟ್ ನೌ. ಒಂಬತ್ತಕ್ಕೂ ಜಸ್ಟ್ ನೌ. ಕೊನೆಗೆ ಗೆಸ್ಟ್ ಹೌಸ್ ಅಮ್ಮನೇ ಕನಿಕರಪಟ್ಟು ಬಿಡಿಸಿ ಹೇಳಿದರು. ಇಲ್ಲಿ ಜಸ್ಟ್ ನೌ ಅಂದರೆ 'ಈಗಲ್ಲ' ಅಂತ ಅರ್ಥ. ಯಾವಾಗ ಅನ್ನುವುದು ದೇವರಿಗೆ ಬಿಟ್ಟದ್ದು.

"ಎಂಥಾ ಬೇಜವಾಬ್ದಾರಿ ಜನ ಕಣೇ" ಅಂದರು ಇವರು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತುಕೊಂಡು "ಗೇಟ್ ಹತ್ರ ಬಂದೆ, ಕಾಫಿಗಿಡು" ಅಂತ ಮೂವತ್ತು ವರ್ಷದಿಂದ ಫೋನ್ ಮಾಡುತ್ತಿರುವ ಮನುಷ್ಯ ಆಡಿದ ಮಾತು ಅದು. ನಾನು ಸುಮ್ಮನಿದ್ದೆ. ಪರದೇಶದಲ್ಲಿ ಜಗಳ ಬೇಡ.

ಗೈಡ್ ಬಂದದ್ದು ಒಂಬತ್ತೂವರೆಗೆ. ಅರವತ್ತು ದಾಟಿದ ಮನುಷ್ಯ. ನಮ್ಮದೇ ಬಣ್ಣ, ನಮ್ಮದೇ ಮೂಗು, ನಮ್ಮದೇ ಹೊಟ್ಟೆ. ತಲೆ ಮೇಲೆ ಅವರ ದೇಶದ ಬಾವುಟದ ಕೆಂಪು, ಬಿಳಿ, ಕಪ್ಪು ಬಣ್ಣದ ಟೋಪಿ. ಇಡೀ ದಿನ ಆ ಟೋಪಿ ತೆಗೆಯಲಿಲ್ಲವಾದ್ದರಿಂದ ನಾನು ಅವರನ್ನು ಟೋಪಿಯವರು ಅಂತಲೇ ಕರೆಯುತ್ತೇನೆ. ಟೋಪಿ ಹಾಕಿಕೊಂಡವರೇ ಹೊರತು ನಮಗೆ ಟೋಪಿ ಹಾಕಿದವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಿನಿಂದ ಇಳಿದವರೇ ಇವರ ಬೆನ್ನು ತಟ್ಟಿ "ಯೆಸ್ ಬಾಯ್!" ಅಂದರು.

"ಬಾಯ್ ಅಂತಾನಲ್ಲೇ! ಹೋಟ್ಲು ಮಾಣಿನಾ ನಾನು?" ಅಂತ ಇವರು ಹಿಂದಿನ ಸೀಟಿನಲ್ಲಿ ಗೊಣಗಿದರು. ಐವತ್ತೆಂಟನೇ ವಯಸ್ಸಿನಲ್ಲಿ ಹುಡುಗ ಅನ್ನಿಸಿಕೊಂಡರೆ ಖುಷಿಪಡಬೇಕು, ಅಲ್ವಾ? ನನ್ನನ್ನಂತೂ ಯಾರೂ ಗರ್ಲ್ ಅನ್ನಲಿಲ್ಲ.

ಮೊದಲು ತಿಂಡಿ. ಪೇಟೆ ಮಧ್ಯದ ಬೀದಿಯಲ್ಲಿ ಒಂದು ತಳ್ಳುಗಾಡಿ. ಅದರ ಮುಂದೆ ಆಫೀಸಿಗೆ ಹೊರಟವರು, ಶಾಲೆ ಮಕ್ಕಳು, ಪೊಲೀಸರು ಎಲ್ಲರೂ ಸಾಲಾಗಿ ನಿಂತಿದ್ದರು. ಬೋರ್ಡಿನಲ್ಲಿ 'ಡಬಲ್ಸ್' ಅಂತ ಬರೆದಿತ್ತು. ಇವರು ಬೋರ್ಡು ಓದಿ, ಹೊಟ್ಟೆ ಸವರಿಕೊಂಡು, "ಬೆಳಿಗ್ಗೆ ಬೆಳಿಗ್ಗೆ ಡಬಲ್ಸ್ ಜಾಸ್ತಿಯಾಯ್ತು. ಟೂ ಸಿಂಗಲ್ಸ್ ಪ್ಲೀಸ್" ಅಂದರು. ಸಾಲಿಗೆ ಸಾಲೇ ತಿರುಗಿ ನೋಡಿತು.

ಟೋಪಿಯವರು ನಕ್ಕು ನಕ್ಕು ಕಾರಿಗೆ ಒರಗಿದರು. ಆಮೇಲೆ ಕಥೆ ಹೇಳಿದರು. ಅರಿಶಿನ ಹಾಕಿದ ಮೈದಾ ಹಿಟ್ಟನ್ನು ಅಂಗೈಯಗಲ ತಟ್ಟಿ ಎಣ್ಣೆಯಲ್ಲಿ ಕರಿದರೆ ಅದು 'ಬಾರಾ'. ಹೋಳಿಗೆಗಿಂತ ಮೆತ್ತಗಿರುತ್ತದೆ. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್ ಎಂಬ ಊರಿನಲ್ಲಿ ಒಂದು ಬಾರಾದ ಮೇಲೆ ಕಡಲೆಕಾಳಿನ ಗಸಿ ಹಾಕಿ ಮಾರುತ್ತಿದ್ದರಂತೆ. ಗಿರಾಕಿಗಳು "ಇನ್ನೊಂದು ಬಾರಾ ಇಡು, ಡಬಲ್ ಮಾಡು" ಅನ್ನತೊಡಗಿದರು. ಹಾಗೆ ಡಬಲ್ಸ್ ಆಯಿತು. "ನಿಮ್ಮ ಗಂಡ ಕೇಳಿದ್ದು ಸರಿಯಾಗೇ ಇದೆ. ಬಂದದ್ದು ತೊಂಬತ್ತು ವರ್ಷ ತಡವಾಯ್ತು ಅಷ್ಟೆ" ಅಂದರು. ಒಂಬತ್ತೂವರೆಗೆ ಬಂದ ಮನುಷ್ಯ ತಡದ ಬಗ್ಗೆ ಮಾತಾಡುತ್ತಿದ್ದಾರೆ!

ಅಷ್ಟರಲ್ಲಿ ಗಾಡಿಯ ಹೆಂಗಸು ಕಾಗದದ ಮೇಲೆ ಬಾರಾ ಹರಡಿ, ಕಡಲೆ ಸುರಿದು, ಚಮಚ ಎತ್ತಿ ಹಿಡಿದು ಇವರನ್ನು ಕೇಳಿದಳು: "ಪೆಪ್ಪರ್, ಡಾರ್ಲಿಂಗ್?"

ಅಲ್ಲಿ ಎಲ್ಲರಿಗೂ ಡಾರ್ಲಿಂಗೇ. ನನ್ನ ಹಿಂದೆ ನಿಂತಿದ್ದ ಪೊಲೀಸನಿಗೂ ಡಾರ್ಲಿಂಗೇ. ಆದರೆ ಇವರಿಗೆ ಮದುವೆಯಾದ ಮೇಲೆ ಇದೇ ಮೊದಲು. (ಮದುವೆಗೆ ಮೊದಲಿನದು ನನಗೆ ಗೊತ್ತಿಲ್ಲ.) ಮುಖ ಕೆಂಪಾಯಿತು. "ಸ್ಲೈಟ್ ಅನ್ನಿ, ಸ್ಲೈಟ್ ಅನ್ನಿ" ಅಂತ ಟೋಪಿಯವರು ಪಿಸುಗುಟ್ಟುತ್ತಿದ್ದರೂ ಇವರು ಎದೆ ಸೆಟೆಸಿ, "ನಾವು ಬ್ಯಾಡಗಿ ಮೆಣಸಿನಕಾಯಿ ನಾಡಿನವರು. ಹಾಕಿ, ಹಾಕಿ" ಅಂದರು.

ಬ್ಯಾಡಗಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಇದು ಅಡುಗೆ ಮಾಡುವವರಿಗೆ ಗೊತ್ತಿರುತ್ತದೆ.

ಎರಡನೇ ತುತ್ತಿಗೆ ಇವರ ಮಾತು ನಿಂತಿತು. ಮೂರನೇ ತುತ್ತಿಗೆ ಕಣ್ಣು, ಮೂಗು, ಕಿವಿ ಎಲ್ಲ ಕಡೆಯಿಂದ ಹೊಗೆ. ಅಂಗಿಯ ಎದೆಯ ಮೇಲೆ ಅರಿಶಿನ ಬಣ್ಣದ ಗಸಿ ಸೋರಿ ದ್ವೀಪದ ನಕಾಶೆ ಮೂಡಿತು. "ಏನಿಲ್ಲ, ಬಿಸಿಲಿಗೆ" ಅಂದರು ಬಿಕ್ಕಳಿಸುತ್ತ. ಇದು ಮನೆಮನೆಯ ಮಾಮೂಲಿ ಖಾರ ಅಂತ ಟೋಪಿಯವರು ಸಮಾಧಾನ ಮಾಡಿದರು. ಈ ದೇಶದ ದಕ್ಷಿಣದ ಮೊರುಗಾ ಎಂಬ ಕಡೆಯ ಸ್ಕಾರ್ಪಿಯನ್ ಮೆಣಸು ಬೇರೆಯೇ ಇದೆಯಂತೆ. ಅದನ್ನು 2012ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ಸಂಶೋಧಕರು ಪ್ರಪಂಚದ ಅತಿ ಖಾರದ ಮೆಣಸು ಅಂತ ಘೋಷಿಸಿದ್ದರು. ಹೆಸರೇ ಚೇಳು ನೋಡಿ. ನಾನು ನನ್ನ ಡಬಲ್ಸನ್ನು ಸ್ಲೈಟ್ ಖಾರದಲ್ಲಿ, ಬಹಳ ನಿಧಾನವಾಗಿ, ಇವರ ಎದುರೇ ತಿಂದೆ. ಅದ್ಭುತ ರುಚಿ. ಇನ್ನೊಂದು ತಿಂದೆ.

ಆಮೇಲೆ ಊರು ನೋಡುವ ಕಾರ್ಯಕ್ರಮ. ಪಾರ್ಲಿಮೆಂಟ್ ಇರುವ ರೆಡ್ ಹೌಸ್ ನೋಡಿದೆವು. 1897ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರವತ್ತು ವರ್ಷವಾದಾಗ ಕೆಂಪು ಬಣ್ಣ ಬಳಿದರಂತೆ, ಆಗಿನಿಂದ ಆ ಹೆಸರು. 1903ರಲ್ಲಿ ನೀರಿನ ಕಾನೂನಿನ ಮೇಲೆ ಸಿಟ್ಟಾದ ಜನ ಅದಕ್ಕೆ ಬೆಂಕಿ ಇಟ್ಟಿದ್ದರು. ಈಗಿರುವುದು ಆಮೇಲೆ ಕಟ್ಟಿದ್ದು. ಇವರು ಅಲ್ಲಿ ಇತಿಹಾಸ ಕೇಳುವ ಸ್ಥಿತಿಯಲ್ಲಿರಲಿಲ್ಲ. ನೀರು ಅನ್ನುವ ಮಾತೊಂದೇ ಕಿವಿಗೆ ಬಿದ್ದು "ಎಲ್ಲಿ?" ಅಂದರು.

ಸರಿ, ಎಳನೀರು ಕುಡಿಸೋಣ ಅಂತ ಟೋಪಿಯವರು ಸವಾನಾಗೆ ಕರೆದೊಯ್ದರು. ಕ್ವೀನ್ಸ್ ಪಾರ್ಕ್ ಸವಾನಾ ಅಂದರೆ ಊರೊಳಗೆ ಸುಮಾರು 260 ಎಕರೆ ಬಯಲು. ಸುತ್ತ ರಸ್ತೆ, ವಾಹನ ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ. ಪ್ರಪಂಚದ ಅತಿ ದೊಡ್ಡ ಟ್ರಾಫಿಕ್ ಸರ್ಕಲ್ ಇದೇ ಅಂತ ಊರವರ ಹೆಮ್ಮೆ. "ಎಳನೀರಿನವನು ಇಲ್ಲೇ ಮುಂದೆ, ನಡೆದೇ ಹೋಗೋಣ" ಅಂದರು. ಈ 'ಇಲ್ಲೇ ಮುಂದೆ' ಕೂಡ ಜಸ್ಟ್ ನೌ ಜಾತಿಗೆ ಸೇರಿದ್ದು. ಮೂರೂವರೆ ಕಿಲೋಮೀಟರ್ ಸುತ್ತಿನಲ್ಲಿ ಮುಕ್ಕಾಲು ಪಾಲು ನಡೆದೆವು.

ದಾರಿಯಲ್ಲಿ ಪಶ್ಚಿಮದ ಅಂಚಿಗೆ ಸಾಲಾಗಿ ಏಳು ಹಳೇ ಬಂಗಲೆಗಳು. ಮ್ಯಾಗ್ನಿಫಿಸೆಂಟ್ ಸೆವೆನ್ ಅಂತ ಹೆಸರು. ಒಂದು ಸ್ಕಾಟ್ಲೆಂಡಿನ ಕೋಟೆಯ ಹಾಗೆ, ಇನ್ನೊಂದು ಮದುವೆಮನೆ ಕೇಕಿನ ಹಾಗೆ. ಇನ್ನೊಂದು ಗಡಿಯಾರದ ಗೋಪುರದ ಕಾಲೇಜು, ಕ್ವೀನ್ಸ್ ರಾಯಲ್ ಕಾಲೇಜ್. ಲೇಖಕ ವಿ.ಎಸ್. ನೈಪಾಲ್ ಓದಿದ್ದು ಅಲ್ಲೇ. ಟೋಪಿಯವರು ಬೆರಳು ಮಡಿಸಿ ಏಳೂ ಹೆಸರು ಹೇಳಹೊರಟು ಆರಕ್ಕೆ ನಿಂತರು. ಏಳನೆಯದು ನೆನಪಾಗಲಿಲ್ಲ. "ಜಸ್ಟ್ ನೌ ಹೇಳ್ತೀನಿ" ಅಂದರು. ನಾವು ಆಸೆ ಬಿಟ್ಟೆವು.

ಎಳನೀರು ಕುಡಿದ ಮೇಲೆ ಇವರಿಗೆ ಜೀವ ಬಂತು. ಜೀವ ಬಂದದ್ದೇ ಕೇಳಿದರು: "ಓವಲ್ ಎಲ್ಲಿ?"

ಈ ಇಡೀ ಪ್ರವಾಸದಲ್ಲಿ ಇವರಿಗೆ ಬೇಕಾಗಿದ್ದದ್ದು ಅದೊಂದೇ. ಇವರು ಭದ್ರಾವತಿಯವರು. ಭದ್ರಾವತಿಯವರ ಹತ್ತಿರ ಜಿ.ಆರ್. ವಿಶ್ವನಾಥ್ ವಿಷಯ ಎತ್ತಬಾರದು, ಎತ್ತಿದರೆ ಊಟ ಆರಿಹೋಗುತ್ತದೆ. 1976ರ ಏಪ್ರಿಲ್‌ನಲ್ಲಿ ಇದೇ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಭಾರತ ನಾಲ್ಕನೇ ಇನಿಂಗ್ಸ್‌ನಲ್ಲಿ 403 ರನ್ ಬೆನ್ನಟ್ಟಿ, ನಾಲ್ಕೇ ವಿಕೆಟ್ ಕಳೆದುಕೊಂಡು ಗೆದ್ದಿತ್ತು. ಗವಾಸ್ಕರ್ 102, ವಿಶ್ವನಾಥ್ 112. ಕೊನೆಗೆ ನಿಂತು ಗೆಲ್ಲಿಸಿದ ಬ್ರಿಜೇಶ್ ಪಟೇಲ್ ಔಟಾಗದೆ 49. ನನಗೆ ಇಷ್ಟೆಲ್ಲ ಗೊತ್ತಿರುವುದು ಕ್ರಿಕೆಟ್ ಪ್ರೀತಿಯಿಂದಲ್ಲ. ಮೂವತ್ತು ವರ್ಷ ಒಂದೇ ಕಥೆ ಕೇಳಿದರೆ ಮನೆ ಗೋಡೆಗೂ ಬಾಯಿಪಾಠವಾಗುತ್ತದೆ.

ನಾವು ಹೋಗುವಷ್ಟರಲ್ಲಿ ಗೇಟು ಹಾಕಿತ್ತು. ತಪ್ಪು ನಮ್ಮದೇ, ಮೊದಲೇ ವಿಚಾರಿಸಿರಲಿಲ್ಲ. ಇವರು ಕಂಬಿಗೆ ಮುಖ ಒತ್ತಿಕೊಂಡು ನಿಂತರು. ನನಗೂ ಪಾಪ ಅನ್ನಿಸಿತು. ಆಗ ಟೋಪಿಯವರು ಮೆಲ್ಲಗೆ ಅಂದರು: "ಆ ಮ್ಯಾಚಿಗೆ ನಾನಿದ್ದೆ. ಆಗ ನನಗೆ ಹದಿಮೂರು. ಆ ಗಿಡ್ಡ ಮನುಷ್ಯ, ಏನು ಕಟ್ ಮಾಡ್ತಿದ್ದ!"

ಇವರು ಕಂಬಿ ಬಿಟ್ಟು ತಿರುಗಿದರು. ಬೆಳಿಗ್ಗೆಯಿಂದ ಆದ ತಡ, ಬಾಯ್ ಅಂದದ್ದು, ಮೂರು ಕಿಲೋಮೀಟರ್ ನಡಿಗೆ, ಎಲ್ಲ ಅಲ್ಲೇ ಮಾಫಿ. "ಅವರು ನಮ್ಮೂರಿನವರು!" ಅಂತ ಇವರು ಕನ್ನಡದಲ್ಲೇ ಕೂಗಿದರು. ಟೋಪಿಯವರಿಗೆ ಅರ್ಥವಾಯಿತು.

ಆಮೇಲೆ ಫುಟ್‌ಪಾತಿನ ಮೇಲೆ 1976 ಮರಳಿ ಶುರುವಾಯಿತು. ನನ್ನ ಕೊಡೆಯೇ ಬ್ಯಾಟು. ಟೋಪಿಯವರು ಸ್ಪಿನ್ ಬೌಲರ್. ಆ ಪಂದ್ಯದಲ್ಲಿ ವೆಸ್ಟ್ ಇಂಡೀಸ್ ಮೂವರು ಸ್ಪಿನ್ನರ್‌ಗಳನ್ನು ನೆಚ್ಚಿಕೊಂಡು ಕೆಟ್ಟಿತು. ಅದಾದ ಮೇಲೆ ನಾಯಕ ಲಾಯ್ಡ್ ಸ್ಪಿನ್ ಸಹವಾಸ ಬಿಟ್ಟು ವೇಗಿಗಳನ್ನೇ ಸಾಲಾಗಿ ನಿಲ್ಲಿಸಿದರು. "ಮುಂದಿನ ಪಂದ್ಯದಲ್ಲಿ ಕಿಂಗ್‌ಸ್ಟನ್‌ನಲ್ಲಿ ನಿಮ್ಮವರ ಬೆರಳು ಮುರಿದದ್ದು ಅದಕ್ಕೇ" ಅಂತ ಟೋಪಿಯವರು ವಿವರಿಸುತ್ತಲೇ ಬೌಲ್ ಮಾಡಿದರು. ಇವರು ಹಿಂಗಾಲಿಗೆ ಸರಿದು, ಕಣ್ಣು ಅರೆ ಮುಚ್ಚಿ, ಸ್ಕ್ವೇರ್ ಕಟ್ ಬಾರಿಸಿದರು. ಪಾಯಿಂಟ್‌ನಲ್ಲಿ ಎಳನೀರು ಹಿಡಿದುಕೊಂಡು ನಿಂತಿದ್ದವಳು ನಾನು.

ಹೊಸ ಚೂಡಿದಾರ್. ತಲೆಯಿಂದ ಕಾಲಿನವರೆಗೆ ಎಳನೀರು. ಕೊಡೆಯ ಕಡ್ಡಿ ಎರಡು ಮುರಿದಿದ್ದವು. "ಸಾರಿ ಕಣೇ" ಅಂತ ಹೇಳುವುದು ಬಿಟ್ಟು ಇಬ್ಬರೂ ಅದು ಬೌಂಡರಿಯೋ ಅಲ್ಲವೋ ಅಂತ ಚರ್ಚಿಸುತ್ತಿದ್ದರು. ವಿಶ್ವನಾಥ್ ಅಂದು ರನ್ ಔಟ್ ಆಗಿದ್ದರು. ಇವರು ಅಂದು ಉಳಿದದ್ದು ಸುತ್ತ ಜನ ಇದ್ದರು ಅನ್ನುವ ಒಂದೇ ಕಾರಣಕ್ಕೆ.

ಬಟ್ಟೆ ಒಣಗುವವರೆಗೆ ಪಕ್ಕದ ಸೇಂಟ್ ಜೇಮ್ಸ್ ಬಡಾವಣೆಯಲ್ಲಿ ಸುತ್ತಿದೆವು. ಬೀದಿಗಳ ಹೆಸರು ಕಲ್ಕತ್ತಾ, ದೆಹಲಿ, ಬಾಂಬೆ, ಗಂಗಾ. ಇವರು ಪ್ರತಿ ತಿರುವಿನಲ್ಲೂ ಕತ್ತು ಚಾಚಿ ಮೈಸೂರು ಹುಡುಕುತ್ತಿದ್ದರು. ಒಂದು ಅಂಗಡಿಯಲ್ಲಿ ಟೋಪಿಯವರು 'ಸಹೀನಾ' ಕೊಡಿಸಿದರು. ಕೆಸುವಿನ ಎಲೆಗೆ ಬೇಳೆ ಹಿಟ್ಟು ಹಚ್ಚಿ, ಸುತ್ತಿ, ಹೆಚ್ಚಿ ಕರಿದದ್ದು. ನಾನು ಸಾಗರದವಳು. "ಇದು ನಮ್ಮ ಪತ್ರೊಡೆ!" ಅಂತ ಎದ್ದು ನಿಂತುಬಿಟ್ಟೆ.

"ನಮ್ಮ ಆಜಿ ಮಾಡ್ತಿದ್ರು" ಅಂದರು ಟೋಪಿಯವರು.

"ಯಾರು?"

"ಆಜಿ. ತಂದೆಯ ತಾಯಿ."

"ಅಜ್ಜಿ!" ಅಂದೆ ನಾನು. "ಆಜಿ!" ಅಂದರು ಅವರು. "ಆಜಾ?" "ಅಜ್ಜ!" ಇಬ್ಬರೂ ಹಾಗೆ ಕೂಗಾಡುವುದನ್ನು ನೋಡಿ ಅಂಗಡಿಯವಳು ನಾವು ಕಳೆದುಹೋದ ನೆಂಟರು ಅಂದುಕೊಂಡು ಇನ್ನೆರಡು ಸಹೀನಾ ತಂದಿಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ.

ಆಗಲೇ ಅವರು ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ್ದು. ಹಳದಿ ಬಿದ್ದ, ಮಡಿಕೆ ಹರಿದ ಕಾಗದ. ಅವರ ಮುತ್ತಜ್ಜ ಕಲ್ಕತ್ತಾದಲ್ಲಿ ಹಡಗು ಹತ್ತಿದಾಗ ಕೊಟ್ಟ ಪಾಸು. ಕಬ್ಬಿನ ತೋಟಗಳಲ್ಲಿ ದುಡಿಯಲು ಭಾರತದಿಂದ ಮೊದಲ ಹಡಗು ಈ ದ್ವೀಪಕ್ಕೆ ಬಂದದ್ದು 1845ರ ಮೇ 30ರಂದು. 1917ರವರೆಗೆ ಸುಮಾರು 1,44,000 ಜನ ಬಂದರು. ಆ ಕಾಗದದಲ್ಲಿ ಮುತ್ತಜ್ಜನ ಎತ್ತರ, ಮೈಮೇಲಿನ ಗಾಯದ ಗುರುತು, ತಂದೆಯ ಹೆಸರು ಎಲ್ಲ ಬರೆದಿತ್ತು. ಜಿಲ್ಲೆ ಬಸ್ತಿ. ಹಳ್ಳಿ ರಾಮ್‌ಪುರ.

"ನಿಮ್ಮ ಊರಿನಿಂದ ಎಷ್ಟು ದೂರ ಇದು?" ಅಂತ ಕೇಳಿದರು. ಇಡೀ ದಿನ ತಮಾಷೆ ಮಾಡಿಕೊಂಡಿದ್ದ ಮನುಷ್ಯ ಟೋಪಿ ತೆಗೆಯದಿದ್ದರೂ ಸ್ವಲ್ಪ ಹಿಂದೆ ಸರಿಸಿಕೊಂಡಿದ್ದರು.

ಭದ್ರಾವತಿಗೂ ಬಸ್ತಿಗೂ ಎಲ್ಲಿಯ ಸಂಬಂಧ? ನಾವಿಬ್ಬರೂ ಆ ಕಡೆ ಕಾಶಿಯವರೆಗೆ ಹೋದವರು, ಅದೂ ಟೂರ್ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು. ಆದರೆ ಇವರು ಸ್ಕ್ವೇರ್ ಕಟ್‌ನ ಗುಂಗಿನಲ್ಲಿದ್ದರಲ್ಲ. "ಹತ್ರಾನೇ. ನಾನು ಹುಡುಕಿಕೊಡ್ತೀನಿ" ಅಂದುಬಿಟ್ಟರು.

ಬೆಂಗಳೂರಿಗೆ ಬಂದು ಮ್ಯಾಪ್ ತೆರೆದು ಕೂತರು. ಆ ಕಡೆ ಎಲ್ಲಿ ಬೆರಳಿಟ್ಟರೂ ಒಂದು ರಾಮ್‌ಪುರ. ರಾಮ್‌ಪುರ್ ಖುರ್ದ್, ರಾಮ್‌ಪುರ್ ಕಲಾಂ, ಬರೀ ರಾಮ್‌ಪುರ. ಸಾಲದ್ದಕ್ಕೆ ಆ ಕಾಲದ ಬಸ್ತಿ ಜಿಲ್ಲೆ ಈಗ ಮೂರು ಜಿಲ್ಲೆಯಾಗಿದೆ. ಇವರು ಒಂದು ಪುಸ್ತಕ ಮಾಡಿ ಪಟ್ಟಿ ಬರೆಯುತ್ತಿದ್ದಾರೆ. ಭಾನುವಾರ ಕ್ರಿಕೆಟ್ ಕೂಡ ನೋಡುತ್ತಿಲ್ಲ.

ಮೊನ್ನೆ ರಾತ್ರಿ ಮೆಸೇಜ್ ಬಂತು. ಮೊದಲು ಒಂದು ಗುಡ್ ನೈಟ್. ಕೆಳಗೆ, "ಊರು ಸಿಕ್ಕಿತಾ ಬಾಯ್?" ಅದರ ಕೆಳಗೆ, ಎಂಟು ತಿಂಗಳ ನಂತರ, ಏಳನೇ ಬಂಗಲೆಯ ಹೆಸರು: ಹೇಯ್ಸ್ ಕೋರ್ಟ್.

ಇವರು ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದರು. ನಾನು ಹಿಂದಿನಿಂದ ಬಗ್ಗಿ ನೋಡಿದೆ.

"ಜಸ್ಟ್ ನೌ" ಅಂತ ಬರೆಯುತ್ತಿದ್ದರು.