ಜಪ್ಪಯ್ಯ ಅಂದರೂ ಕದಲದ ಸೀಟು, ಶಿವಮೊಗ್ಗದ ಬಲ್ಬು

ಕಳೆದ ಫೆಬ್ರುವರಿಯಲ್ಲಿ ನಮ್ಮ ಕಾರಿನಲ್ಲಿ ಸ್ವಿಚ್ ಒತ್ತಿದರೆ ಮೋಟರಿನಿಂದ ಸರಿಯುವ ಡ್ರೈವರ್ ಸೀಟು ಇದ್ದಕ್ಕಿದ್ದಂತೆ ನಿಂತುಹೋಯಿತು. ನಿಂತಿದ್ದು ನನ್ನ ಅಳತೆಗೆ, ಪೂರ್ತಿ ಹಿಂದೆ. ನಾನು ಆರಡಿ, ನನ್ನ ಹೆಂಡತಿ ಐದಡಿಗೂ ಒಂದಿಂಚು ಕಮ್ಮಿ. ಆಸ್ಪತ್ರೆಯ ನೈಟ್ ಶಿಫ್ಟಿಗೆ ಆ ಕಾರಿನಲ್ಲೇ ಹೋಗುವವಳು. ಬೆನ್ನಿಗೆ ದಿಂಬು ಕೊಟ್ಟುಕೊಂಡು, ಕಾಲ ತುದಿಯಲ್ಲಿ ಬ್ರೇಕ್ ಒತ್ತುತ್ತ ಅಮೆರಿಕದ ಮಿಷಿಗನ್ನಿನ ಹಿಮದ ರಸ್ತೆಗೆ ಅವಳು ಇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪವರ್ ಸೀಟನ್ನು ಶೋಕಿ ಅನ್ನುವವರಿದ್ದಾರೆ. ಬ್ರೇಕನ್ನು ಕೊನೆಯವರೆಗೆ ಒತ್ತಿದಾಗಲೂ ಮಂಡಿ ತುಸು ಬಾಗಿರಬೇಕು, ಇಲ್ಲದಿದ್ದರೆ ತುರ್ತಿನಲ್ಲಿ ಕಾಲಿಗೆ ಬಲ ಬರುವುದಿಲ್ಲ. ನಮ್ಮ ಮನೆಯಲ್ಲಿ ಅದು ಶೋಕಿಯಲ್ಲ.

ಮರುದಿನವೇ ಸರ್ವಿಸ್ ಸೆಂಟರಿಗೆ ಒಯ್ದೆ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಾಕಿದರು, ಏನೂ ತೋರಿಸಲಿಲ್ಲ. ತೋರಿಸುವುದಕ್ಕೆ ಅಲ್ಲಿ ಏನಿತ್ತು? ನಮ್ಮ ಸೀಟಿಗೆ ಕೂರುವವರ ಅಳತೆ ನೆನಪಿಟ್ಟುಕೊಳ್ಳುವ ಮೆಮೊರಿ ಇಲ್ಲ, ಅದಕ್ಕೆ ಪ್ರತ್ಯೇಕ ಕಂಪ್ಯೂಟರೂ ಇಲ್ಲ. ಸ್ವಿಚ್ಚಿನಿಂದ ನೇರ ಮೋಟರಿಗೆ ವೈರು. ಆಮೇಲೆ ಸೀಟಿನ ಕೆಳಗಿನ ಕನೆಕ್ಟರಿಗೆ ಮೀಟರ್ ಹಿಡಿದರು. 12.4 ವೋಲ್ಟ್. ಕರೆಂಟ್ ಬರುತ್ತಿದೆ, ಹಾಗಾದರೆ ಸೀಟೇ ಹೋಗಿದೆ, ಫ್ರೇಮು ಮೋಟರು ಟ್ರ್ಯಾಕು ಎಲ್ಲ ಸೇರಿ ಪೂರ್ತಿ ಸೆಟ್ ಬದಲಾಯಿಸಬೇಕು ಅಂದರು. 1,400 ಡಾಲರ್. ಪರೀಕ್ಷೆ ಮಾಡಿದ್ದಕ್ಕೆ ಬೇರೆ 180.

ರಾತ್ರಿ ಶಿವಮೊಗ್ಗದ ಗೆಳೆಯನಿಗೆ ಫೋನ್ ಹಚ್ಚಿದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು ನಾವು. ಅವನದು ಇವತ್ತಿಗೂ ಅಪ್ಪ ಇಟ್ಟ ಆಟೋ ಎಲೆಕ್ಟ್ರಿಕಲ್ ಅಂಗಡಿ.

"ಸ್ವಿಚ್ ಒತ್ತಿದ್ರೆ ಒಳಗಿನ ಲೈಟ್ ಡಿಮ್ ಆಗ್ತದಾ?"

"ಇಲ್ಲ."

"ಮೋಟರ್ ಸದ್ದು?"

"ಇಲ್ಲ. ಯಾವ ಕಡೆಗೂ ಇಲ್ಲ."

"ಹಂಗಾದ್ರೆ ಮೋಟರ್ ಮೇಲೆ ಎಂತಕ್ಕೆ ಅನುಮಾನ ಮಾರಾಯ? ಹಿಂದೆ ಮುಂದೆಗೆ ಒಂದು, ಒರಗೋಕೆ ಒಂದು, ಮೇಲೆ ಕೆಳಗೆ ಎರಡು. ನಾಲ್ಕೂ ಒಂದೇ ದಿನ ಸಾಯ್ತಾವಾ? ಮೀಟರ್ ಆಚೆ ಇಡು, ಹೆಡ್‌ಲೈಟ್ ಬಲ್ಬ್ ಒಂದು ಹಚ್ಚಿ ನೋಡು."

ಇಷ್ಟರಲ್ಲಿ ಅರ್ಧ ರೋಗ ಪತ್ತೆಯಾಗಿತ್ತು. ಸ್ವಿಚ್ ಒತ್ತಿದಾಗ ಲೈಟ್ ಮಂಕಾದರೆ ಮೋಟರ್ ಕರೆಂಟ್ ಎಳೆಯುತ್ತಿದೆ ಎಂದರ್ಥ, ಟ್ರ್ಯಾಕಿನಲ್ಲಿ ನಾಣ್ಯವೋ ಪೆನ್ನೋ ಸಿಕ್ಕಿಕೊಂಡಿರಬಹುದು. ಮೋಟರ್ ಗುಂಯ್ ಅಂದರೂ ಸೀಟು ಕದಲದಿದ್ದರೆ ಗಿಯರಿನ ಹಲ್ಲು ಸವೆದಿದೆ, ಇಲ್ಲವೇ ತಿರುಗುವ ಕೇಬಲ್ ಕಿತ್ತಿದೆ. ಸದ್ದೂ ಇಲ್ಲ, ಮಂಕೂ ಇಲ್ಲ, ಎಲ್ಲ ದಿಕ್ಕೂ ಸತ್ತಿದೆ ಅಂದರೆ ನಾಲ್ಕಕ್ಕೂ ಸಾಮಾನ್ಯವಾದ ದಾರಿಯನ್ನು ಹುಡುಕಬೇಕು: ಫ್ಯೂಸು, ಮುಖ್ಯ ವೈರು, ಕರೆಂಟ್ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಮರಳುವ ಅರ್ಥಿಂಗು.

ಶನಿವಾರ ಗ್ಯಾರೇಜಿನಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮಲಗಿದೆ. ಫ್ಯೂಸ್ ಸರಿಯಿತ್ತು. ಕನೆಕ್ಟರ್ ಬಿಚ್ಚಿ 55 ವಾಟಿನ ಹಳೇ ಬಲ್ಬನ್ನು ಅದರ ಎರಡು ಪಿನ್ನಿಗೆ ತಾಗಿಸಿದರೆ ಆರುವ ಕೆಂಡದಷ್ಟೇ ಬೆಳಕು. ಪಾಸಿಟಿವ್ ಪಿನ್ನಿಗೂ ಕಾರಿನ ಲೋಹದ ಮೈಗೂ ನಡುವೆ ಬಲ್ಬ್ ಹಿಡಿದೆ, ಅದೇ ಕೆಂಡ. ಬ್ಯಾಟರಿಯ ಪಾಸಿಟಿವ್‌ನಿಂದ ನೇರ ವೈರು ತಂದು, ಅದಕ್ಕೂ ಅರ್ಥಿಂಗ್ ಪಿನ್ನಿಗೂ ನಡುವೆ ಬಲ್ಬ್ ಹಿಡಿದೆ, ಝಗ್ಗನೆ ಹತ್ತಿತು. ಅರ್ಥಿಂಗು ಸರಿಯಿದೆ, ಪಾಸಿಟಿವ್ ವೈರಿನಲ್ಲೇ ರೋಗ. ಮೋಟರಿನ ಎರಡು ವೈರಿಗೆ ಫ್ಯೂಸ್ ಹಾಕಿದ ತಂತಿಯಿಂದ ನೇರ 12 ವೋಲ್ಟ್ ಕೊಟ್ಟಾಗ, ಹೋಗಿದೆ ಅಂದಿದ್ದ ಸೀಟು ಸಲೀಸಾಗಿ ಮುಂದೆ ಬಂತು.

ಮೀಟರ್ 12.4 ಯಾಕೆ ತೋರಿಸಿತು? ಅದು ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಮುಕ್ಕಾಲು ಕಟ್ಟಿಕೊಂಡ ಪೈಪಿನ ನಲ್ಲಿಯೂ ಮುಚ್ಚಿದ್ದಾಗ ಪೂರ್ತಿ ಒತ್ತಡವನ್ನೇ ತೋರಿಸುತ್ತದೆ, ತಿರುಗಿಸಿದರೆ ಬರುವುದು ದಾರದಂಥ ನೀರು. ಬಲ್ಬ್ ಅಂದರೆ ನಲ್ಲಿ ತಿರುಗಿಸಿ ನೋಡುವುದು. ನಾಲ್ಕೂವರೆ ಆಂಪಿಯರ್ ಕೇಳುತ್ತದೆ, ದಾರಿ ಕೊಳೆತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ವೈರಿನ ಮೇಲಿನ ಪ್ಲಾಸ್ಟಿಕ್ ಸೀಳಿ ನೋಡಿದೆ. ಪಿನ್ನಿನ ಬುಡದಲ್ಲಿ ತಾಮ್ರ ಹಸಿರು ಪುಡಿಯಾಗಿತ್ತು. ಅಜ್ಜಿ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದ ಹಂಡೆಯ ಕಿಲುಬು ನೆನಪಾಯಿತು. ಇಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಬೂಟಿಗೆ ಅಂಟಿದ ಹಿಮ ಕರಗಿ ಉಪ್ಪುನೀರು ಕಾರ್ಪೆಟ್ಟಿಗೆ ಇಳಿಯುತ್ತದೆ, ಸದಾ ಕರೆಂಟ್ ಇರುವ ಪಿನ್ನು ಆ ನೀರಿನಲ್ಲಿ ಬೇಗ ತಿಂದುಹೋಗುತ್ತದೆ. ನಾವೇ ಹಾಕಿಕೊಳ್ಳುವ ಉಪ್ಪು ಇದು, ಈ ಊರಿನ ಮೆಕ್ಯಾನಿಕ್ಕಿಗೆ ಮೊದಲು ಹೊಳೆಯಬೇಕಾಗಿದ್ದೂ ಇದೇ. ಗುಜರಿ ಯಾರ್ಡಿನಿಂದ ಅದೇ ಮಾಡೆಲಿನ ಕನೆಕ್ಟರನ್ನು ವೈರಿನ ಸಮೇತ ಕತ್ತರಿಸಿ ತಂದೆ, ಎಂಟು ಡಾಲರ್.

ಇಲ್ಲಿನವರು ಸೋಮಾರಿಗಳು, ನಮ್ಮವರು ಜಾಣರು ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಒಂದು ಗಂಟೆಯ ಕೂಲಿ ಎಷ್ಟೋ ಬಿಡಿಭಾಗಗಳಿಗಿಂತ ದುಬಾರಿ, ಹಾಗಾಗಿ ಹುಡುಕುವುದಕ್ಕಿಂತ ಬದಲಾಯಿಸುವುದು ಅಂಗಡಿಗೆ ಗಿಟ್ಟುತ್ತದೆ. ಶಿವಮೊಗ್ಗದಲ್ಲಿ ಬಿಡಿಭಾಗ ದುಬಾರಿ, ಹಾಗಾಗಿ ಮೋಟರ್ ಬಿಚ್ಚಿ ಕಾರ್ಬನ್ ಬ್ರಶ್ ಹಾಕುತ್ತಾರೆ. ಲೆಕ್ಕ ಅರ್ಥವಾಗುತ್ತದೆ. ಆದರೆ ಹುಡುಕದೆ ಹುಡುಕದೆ ಹುಡುಕುವ ಕೈಯೇ ತಪ್ಪಿಹೋಗುವುದು ನನಗೆ ಸಂಕಟ. ಕಂಪನಿ ವರ್ಕ್‌ಶಾಪುಗಳು ಊರಿನಲ್ಲೂ ಈಗ "ಪೂರ್ತಿ ಸೆಟ್" ಅನ್ನತೊಡಗಿವೆಯಂತೆ. ಅಲ್ಲಿ ಬಿಲ್ ನೋಡಿ ಗಾಬರಿಯಾದವರು ಗೆಳೆಯನ ಅಂಗಡಿಗೆ ಬರುತ್ತಾರೆ.

ಇಲ್ಲಿಂದ ಊರಿಗೆ ಹೋಗಬೇಕಾದ್ದು ಬೇರೆ ಇದೆ. ಈ ಕಾರಿನ ವೈರಿಂಗ್ ಚಿತ್ರ ನನಗೆ ಸಾರ್ವಜನಿಕ ಗ್ರಂಥಾಲಯದ ಕಾರ್ಡಿನಿಂದಲೇ ಸಿಕ್ಕಿತು. ಮ್ಯಾಸಚೂಸೆಟ್ಸ್‌ನ ಮತದಾರರು 2012ರಲ್ಲಿ ರಿಪೇರಿಯ ಹಕ್ಕಿಗೆ ಓಟು ಹಾಕಿದರು. ಅದರ ಬೆನ್ನಿಗೆ 2014ರಲ್ಲಿ ಕಾರು ಕಂಪನಿಗಳು ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡುತ್ತೇವೆಂದು ದೇಶಕ್ಕೆಲ್ಲ ಒಪ್ಪಿಕೊಂಡವು. ಭಾರತದಲ್ಲಿ 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಅದರ ನಾಲ್ಕು ವಲಯಗಳಲ್ಲಿ ವಾಹನವೂ ಒಂದು. ನನ್ನ ಗೆಳೆಯ ಮಾತ್ರ ಇವತ್ತಿಗೂ ವೈರಿನ ಬಣ್ಣ ನೋಡಿ ಅಂದಾಜು ಮಾಡುತ್ತಾನೆ. ಅವನ ಕೈಗೆ ಚಿತ್ರ ಸಿಗಲೇಬೇಕು, ಅದೂ ಕನ್ನಡದಲ್ಲಿ.

ಯಾಕೆಂದರೆ ಅಂದಾಜು ನಡೆಯದ ಜಾಗವೊಂದು ಅದೇ ಸೀಟಿನ ಕೆಳಗಿದೆ. ಪಕ್ಕದಲ್ಲಿದ್ದ ಹಳದಿ ಕನೆಕ್ಟರ್, ಡಿಕ್ಕಿಯಾದಾಗ ಸೀಟಿನ ಪಕ್ಕದಿಂದ ಉಬ್ಬಿ ಬರುವ ಸೈಡ್ ಏರ್‌ಬ್ಯಾಗಿನದು. ಅದಕ್ಕೇನಾದರೂ ಬಲ್ಬ್ ತಾಗಿಸಿದರೆ ಬಲ್ಬಿನ ಮೂಲಕ ಹರಿಯುವ ಕರೆಂಟೇ ಏರ್‌ಬ್ಯಾಗನ್ನು ಸಿಡಿಸಬಹುದು. ನಾನು ಓದಿದ್ದರಿಂದ ಅದರ ತಂಟೆಗೆ ಹೋಗಲಿಲ್ಲ. ಊರಿನ ಕಾರುಗಳಲ್ಲೂ ಈಗ ಸೈಡ್ ಏರ್‌ಬ್ಯಾಗ್ ಬಂದಿದೆ. ಅದು ಹೊರಬರುವ ಹೊಲಿಗೆಯ ಮೇಲೇ ಬಿಗಿಯಾಗಿ ಸೀಟ್ ಕವರ್ ಹೊಲಿಸಿದ ಕಾರುಗಳನ್ನು ರಜೆಗೆ ಹೋದಾಗ ನಾನೇ ನೋಡಿದ್ದೇನೆ.

ಇದನ್ನು ಹೇಳಿದಾಗ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. "ಬರೆದು ಕಳ್ಸು. ಹುಡುಗ್ರೂ ಓದ್ಬೇಕು, ದಪ್ಪ ಅಕ್ಷರದಲ್ಲಿ ಬರಿ" ಅಂದ.

ಹಾಳೆ ಈಗ ಅವನ ಅಂಗಡಿಯ ಗೋಡೆಯಲ್ಲಿದೆ, ಫೋಟೊ ಕಳಿಸಿದ್ದಾನೆ. ಸೀಟಿಗೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಕಾರಿನ ಪುಸ್ತಕ ಹೇಳಿದಷ್ಟು ಹೊತ್ತು ಕಾಯಿರಿ. ಹಳದಿ ವೈರಿಗೆ ಬಲ್ಬನ್ನಾಗಲಿ ಮೀಟರನ್ನಾಗಲಿ ಹಚ್ಚಬೇಡಿ. ಸೀಟಿನ ಬೋಲ್ಟನ್ನು ಬಿಗಿತದ ಅಳತೆ ತೋರಿಸುವ ಟಾರ್ಕ್ ವ್ರೆಂಚಿನಿಂದಲೇ ಬಿಗಿಯಿರಿ. ಕೆಳಗೆ ಅವನು ತನ್ನ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದಾನೆ: ಗೊತ್ತಾಗದಿದ್ದರೆ ನನ್ನನ್ನು ಕರೆಯಿರಿ.