ಸೆನ್ಸರ್ ಕೊಳ್ಳುವ ಮುಂಚೆ ಕೋಡ್ ಓದಿಸಿ

ಕಾರಿನ ಎಕ್ಸಾಸ್ಟ್ (ಹೊಗೆ ಪೈಪ್) ಬದಲಿಸಿದ ಮೇಲೆ ಚೆಕ್ ಎಂಜಿನ್ ಲೈಟ್ ಬಂದರೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹೊಸದು ಹಾಕಿಸಿ ಎಂದು ಒಂದು ಲೇಖನದಲ್ಲಿ ಓದಿದೆ. ಇದನ್ನು ನಾನು ಒಪ್ಪಲ್ಲ. ಸೆನ್ಸರ್ ಏನು ಅಗ್ಗದ್ದಲ್ಲ, ಸುಮ್ನೆ ದುಡ್ಡು ಹಾಳು. ಮೊದಲು ಕೋಡ್, ಅಂದರೆ ಏನು ತೊಂದರೆ ಎಂದು ಕಾರಿನ ಕಂಪ್ಯೂಟರ್ ಬರೆದಿಟ್ಟ ಸಂಖ್ಯೆ, ಓದಿಸಿ. ಕಲಬುರಗಿಯಲ್ಲಿ ಸೇಡಂ ರಸ್ತೆ, ರಿಂಗ್ ರೋಡ್ ಕಡೆ ಸ್ಕ್ಯಾನರ್ ಇಟ್ಟಿರುವ ಗ್ಯಾರೇಜ್‌ಗಳಿವೆ.

ಪಿ0171 ಬಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು ಕಂಪ್ಯೂಟರ್ ತಿಳಿದುಕೊಂಡಿದೆ ಅಂತ ಅರ್ಥ. ಎಂಜಿನ್ ಕಡೆಗಿರುವ ಮುಂದಿನ ಆಕ್ಸಿಜನ್ ಸೆನ್ಸರ್‌ಗಿಂತ ಮೊದಲು ಪೈಪ್ ಲೀಕ್ ಆದರೆ ಹೊರಗಿನ ಗಾಳಿ ಒಳಗೆ ಸೇರಿ ಹೀಗಾಗುತ್ತದೆ. ನಮ್ಮ ಅಣ್ಣನ ಮಗನ ಕಾರಿನಲ್ಲಿ ಆಗಿದ್ದೂ ಇದೇ. ಪೈಪ್‌ಗಳು ಸೇರುವ ಫ್ಲಾಂಜ್ ಜೋಡಣೆಯ ಸುತ್ತ ಕಪ್ಪು ಮಸಿಯ ಗೆರೆ ಎದ್ದು ಕಾಣುತ್ತಿತ್ತು. ಲೀಕ್ ತಡೆಯುವ ಗ್ಯಾಸ್ಕೆಟ್ ಹಳೇದನ್ನೇ ಮತ್ತೆ ಹಾಕಿದ್ದರು! ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಜೋಡಣೆಗೆ ಸೋಪಿನ ನೀರು ಚಿಮುಕಿಸಿದರೆ ಲೀಕ್ ಇರುವಲ್ಲಿ ಗುಳ್ಳೆ ಬರುತ್ತದೆ.

ಪಿ0135 ಅಥವಾ ಪಿ0141 ಇದ್ದರೆ ಸೆನ್ಸರನ್ನು ಬಿಸಿ ಮಾಡುವ ಹೀಟರ್ ಕಡೆ ನೋಡಿ. ವೈರ್ ಬಿಸಿ ಪೈಪಿಗೆ ತಾಗಿ ಕರಗಿರಬಹುದು.

ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದ್ದರೆ, ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಬಂದೇ ಬರುತ್ತದೆ ಎನ್ನಬಹುದು. ಆಗ ಕನ್ವರ್ಟರ್ ಆಚೆಗಿರುವ ಹಿಂದಿನ ಸೆನ್ಸರ್ ಕೂಡ ಮುಂದಿನದರಂತೆ 0.1ರಿಂದ 0.9 ವೋಲ್ಟ್ ನಡುವೆ ಓಲಾಡುತ್ತದೆ. ಸೆನ್ಸರ್ ಸರಿಯಾಗೇ ಇದೆ, ಇಲ್ಲದ್ದು ಕನ್ವರ್ಟರ್! ಲೈಟ್ ಆರಿಸಲು ಸ್ಪೇಸರ್ (ಸೆನ್ಸರನ್ನು ಹೊಗೆಯಿಂದ ದೂರ ಸರಿಸುವ ತುಂಡು) ಹಾಕಿಸಬೇಡಿ, ಕನ್ವರ್ಟರ್ ವಾಪಸ್ ಹಾಕಿಸಿ. ಆ ಹೊಗೆ ಕುಡಿಯುವುದು ನಮ್ಮದೇ ಊರಿನ ಮಕ್ಕಳು ಅಲ್ವಾ?

ಇನ್ನೊಂದು ಮಾತು ಲೇಖನದಲ್ಲಿ ಬಿಟ್ಟುಹೋಗಿದೆ. ಲೈಟ್ ಮಿನುಗುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ, ಅಂದರೆ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.