ಚಂದದ ಊರಿನ ಕಷ್ಟ

ಫೋಟೋಗ್ರಫಿ ಕಲಿಯುವುದಕ್ಕೆ ಕೊಡಗಿನಷ್ಟು ಕಷ್ಟದ ಊರು ಇನ್ನೊಂದಿಲ್ಲ. ಇಲ್ಲಿ ಯಾವ ಫೋಟೋವೂ ಪೂರ್ತಿ ಕೆಡುವುದೇ ಇಲ್ಲವಲ್ಲ, ಅದೇ ತೊಂದರೆ. ಮಡಿಕೇರಿಯ ರಾಜಾಸೀಟಿನಲ್ಲಿ ಸಂಜೆ ಹೊತ್ತು ಕಂಬಿಗೆ ಒರಗಿ ಯಾರು ಗುಂಡಿ ಒತ್ತಿದರೂ ಒಂದರ ಹಿಂದೊಂದು ಬೆಟ್ಟ, ನಡುವೆ ಮಂಜು, ಮೇಲೊಂದಿಷ್ಟು ಕಿತ್ತಳೆ ಬಣ್ಣ ಸಿಕ್ಕೇ ಸಿಗುತ್ತದೆ. ನೋಡಿದವರು ‘ಸೂಪರ್’ ಎನ್ನುತ್ತಾರೆ. ಆ ಸೂಪರ್‌ನಲ್ಲಿ ಬೆಟ್ಟದ ಪಾಲೆಷ್ಟು, ತನ್ನ ಪಾಲೆಷ್ಟು ಎಂಬುದು ಹೊಸಬನಿಗೆ ಗೊತ್ತಾಗುವುದಿಲ್ಲ. ಬಯಲುಸೀಮೆಯಲ್ಲಿ ಒಂದು ಜಾಲಿಮರವನ್ನು ನೋಡುವಂತೆ ಮಾಡಲು ಒದ್ದಾಡುವವನು ಆರು ತಿಂಗಳಲ್ಲಿ ಬೆಳಕಿನ ದಿಕ್ಕು ಕಲಿತಿರುತ್ತಾನೆ. ನಮ್ಮವನು ಎರಡು ವರ್ಷ ಕಳೆದರೂ ಮಂಜಿನ ಕೃಪೆಯಲ್ಲೇ ಬದುಕಿರುತ್ತಾನೆ.

ತನ್ನ ಪಾಲು ಯಾವುದೆಂದು ತಿಳಿಯುವ ದಾರಿ ಸುಲಭ, ಮನಸ್ಸಿಗೆ ಮಾತ್ರ ಸ್ವಲ್ಪ ಕಷ್ಟ. ಒಂದು ವರ್ಷದ ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಜಾಗದ ಹೆಸರಿನಿಂದಲೇ ಚಂದವಾದವನ್ನು ಪಕ್ಕಕ್ಕೆ ಸರಿಸಬೇಕು. ಅಬ್ಬಿ, ಮಾಂದಲಪಟ್ಟಿ, ತಲಕಾವೇರಿ, ದುಬಾರೆಯ ಆನೆ ಎಲ್ಲವೂ ಅತ್ತ ಹೋಗಲಿ. ಉಳಿದದ್ದರಲ್ಲಿ ಯಾರೂ ಹೇಳದೆ, ಯಾರಿಗೂ ತೋರಿಸುವ ಉದ್ದೇಶವಿಲ್ಲದೆ ತೆಗೆದದ್ದು ಏನಿದೆ? ಒಬ್ಬರಲ್ಲಿ ಹಂಚಿನ ಮಾಡಿನ ಹಾವಸೆಯೇ ಹತ್ತಾರು ಸಲ ಬಂದಿರುತ್ತದೆ. ಇನ್ನೊಬ್ಬರಲ್ಲಿ ಸಂತೆಯಲ್ಲಿ ತಕ್ಕಡಿ ಹಿಡಿದ ಕೈಗಳು. ಮತ್ತೊಬ್ಬರಲ್ಲಿ ಬರೀ ಜೇಡ. ಹಾಗೆ ಮತ್ತೆ ಮತ್ತೆ ಬಂದದ್ದೇ ಆಸಕ್ತಿ. ಅದನ್ನು ಹುಡುಕಲು ಊರೂರು ತಿರುಗಬೇಕಿಲ್ಲ.

ಪ್ರತಿ ಫೋಟೋದ ಜೊತೆಗೂ ಲೆನ್ಸ್ ಯಾವುದು, ಎಷ್ಟು ಮಿಲಿಮೀಟರ್ (ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ), ಶಟರ್ ಎಷ್ಟು (ಬೆಳಕಿಗೆ ಬಾಗಿಲು ತೆರೆದಿದ್ದ ಹೊತ್ತು) ಎಂಬ ಜಾತಕ ಕೂತಿರುತ್ತದೆ. ಅದನ್ನು ತೆರೆದು ನೋಡದೆ ಹೊಸ ಲೆನ್ಸ್ ಕೊಳ್ಳುವವರೇ ಜಾಸ್ತಿ. ಕ್ಯಾಮೆರಾದ ಜೊತೆ ಬಂದ 18-55 ಲೆನ್ಸಿನಲ್ಲಿ ಮುಕ್ಕಾಲು ಪಾಲು ಫೋಟೋಗಳು 55ರಲ್ಲೇ ಇದ್ದರೆ ಆ ಮನುಷ್ಯನಿಗೆ ಹತ್ತಿರ ಹೋಗುವ ಆಸೆ; ಅವನಿಗೆ 70-300 ಉಪಯೋಗಕ್ಕೆ ಬಂದೀತು. ಎಲ್ಲ 18ರಲ್ಲೇ ಇದ್ದರೆ ದುಡ್ಡು ಉಳಿಯಿತು, ಕಾಲಿನಿಂದ ಎರಡು ಹೆಜ್ಜೆ ಮುಂದೆ ಹೋಗುವುದನ್ನು ಮೊದಲು ಕಲಿಯಲಿ. ಎಲ್ಲರೂ ಶಿಫಾರಸು ಮಾಡುವ 50 ಮಿಲಿಮೀಟರ್, ಎಫ್ 1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು) ಲೆನ್ಸ್ ಅಗ್ಗ, ಒಳ್ಳೆಯದು, ನಿಜ. ಆದರೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಿರುವ ಕ್ಯಾಮೆರಾದಲ್ಲಿ ಅದು 75ರಷ್ಟು ಇಕ್ಕಟ್ಟಾಗಿ ನೋಡುತ್ತದೆ. ಐನ್‌ಮನೆಯ (ಕೊಡವರ ಮೂಲಮನೆಯ) ಕೈಸಾಲೆಯಲ್ಲಿ ಕೂತ ಹಿರಿಯರ ಫೋಟೋ ತೆಗೆಯಲು ಹೊರಟವನು ಹಿಂದೆ ಹಿಂದೆ ಸರಿದು ಅಂಗಳಕ್ಕೆ ಬೀಳುತ್ತಾನೆ. ಅಂಥವರಿಗೆ 35 ವಾಸಿ.

ಹುಲಿಯ ವಿಷಯ ಬೇರೆ. ನಾಗರಹೊಳೆಯ ಒಂದು ಸಫಾರಿ ಮುಗಿಸಿ ಬಂದವರೆಲ್ಲ ತಮಗೆ ವನ್ಯಜೀವಿ ಫೋಟೋಗ್ರಫಿಯಲ್ಲಿ ಆಸಕ್ತಿ ಎಂದು ತಿಳಿಯುತ್ತಾರೆ. ಪರೀಕ್ಷೆ ಸರಳ. ತೋಟದಲ್ಲಿ ಜನವರಿ ಕಳೆದ ಮೇಲೆ ಹಾಲವಾಣದ ಮರ ಎಲೆ ಉದುರಿಸಿ ಕೆಂಪು ಹೂ ಬಿಡುತ್ತದೆ. ಕಾಜಾಣ, ಗೊರವಂಕ, ಗಿಳಿ, ಸೂರಕ್ಕಿ ಎಲ್ಲ ಅಲ್ಲಿಗೇ ಬರುತ್ತವೆ. ಅದರ ಬುಡದಲ್ಲಿ ಎರಡು ಗಂಟೆ ಸುಮ್ಮನೆ ಕೂತು, ಶಟರ್ 1/1600 ಸೆಕೆಂಡಿಗೆ ಇಟ್ಟು, ಹಕ್ಕಿ ಬರುವ ಕೊಂಬೆಯನ್ನು ಮೊದಲೇ ಗುರುತಿಸಿಕೊಂಡು ಕಾಯಲು ಬೇಸರವಾಗದಿದ್ದರೆ ಅದು ನಿಜವಾದ ಆಸಕ್ತಿ. ಬೇಸರವಾದರೆ ಆಸಕ್ತಿ ಇರುವುದು ಹುಲಿಯ ಫೋಟೋ ತೋರಿಸುವುದರಲ್ಲಿ. ಅದೂ ತಪ್ಪಲ್ಲ, ಆದರೆ ದುಬಾರಿ.

ಇನ್ನು ಕಲಿಕೆ. ಕೊಡಗಿನಲ್ಲಿ ಮೊದಲ ಪಾಠ ಮಂಜೇ ಆಗಬೇಕು. ಕ್ಯಾಮೆರಾದೊಳಗಿನ ಮೀಟರ್ ಎದುರಿಗಿರುವುದೆಲ್ಲ ಸುಮಾರಾಗಿ ಬೂದು ಬಣ್ಣದ್ದು ಎಂದು ನಂಬಿ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಬಿಳಿ ಮಂಜಿದ್ದರೆ ‘ಬೆಳಕು ಜಾಸ್ತಿಯಾಯಿತು’ ಎಂದು ಹೆದರಿ ಕಡಿಮೆ ಮಾಡುತ್ತದೆ. ಹಾಗಾಗಿಯೇ ಮುಂಜಾನೆಯ ಬೆಳ್ಳನೆ ಮಂಜು ಫೋಟೋದಲ್ಲಿ ಒಲೆಯ ಹೊಗೆಯಂತೆ ಕೊಳಕಾಗಿ ಕಾಣುವುದು. ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಎಂಬ ಪ್ಲಸ್-ಮೈನಸ್ ಗುಂಡಿ ಇರುವುದು ಇದಕ್ಕೇ. ಮಂಜಿಗೆ ಪ್ಲಸ್ 2/3ರಿಂದ ಪ್ಲಸ್ 1ರವರೆಗೆ ಏರಿಸಬೇಕು. ಕತ್ತಲು ಎಡಕ್ಕೆ, ಬೆಳಕು ಬಲಕ್ಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯ ಗುಡ್ಡ ಬಲಗಡೆಗೆ ಸರಿಯಲಿ, ಬಲಗೋಡೆಗೆ ಅಂಟದಿರಲಿ.

ಮಂಜಿನಲ್ಲಿ ಆಟೋಫೋಕಸ್ ಕೂಡ ಹಿಂದೆ ಮುಂದೆ ತಡಕಾಡುತ್ತದೆ. ಅದಕ್ಕೆ ಹಿಡಿಯಲು ಕಪ್ಪು-ಬಿಳುಪಿನ ಅಂಚು ಬೇಕು. ಮಂಜಿನಲ್ಲಿ ಅಂಚೇ ಇಲ್ಲ. ಅಷ್ಟೇ ದೂರದಲ್ಲಿರುವ ಸಿಲ್ವರ್ ಓಕಿನ ಕಾಂಡಕ್ಕೋ ಬೇಲಿಗೂಟಕ್ಕೋ ಫೋಕಸ್ ಮಾಡಿ, ಗುಂಡಿ ಅರ್ಧ ಒತ್ತಿ ಹಿಡಿದು, ಆಮೇಲೆ ಚೌಕಟ್ಟು ಹೊಂದಿಸಿಕೊಳ್ಳಬೇಕು. ಇನ್ನೊಂದು ತಪ್ಪು ಎಲ್ಲರದ್ದೂ: ನೋಟ ದೊಡ್ಡದೆಂದು ಲೆನ್ಸನ್ನು ಪೂರ್ತಿ ಅಗಲಕ್ಕೆ ತಿರುಗಿಸುವುದು. 18ರಲ್ಲಿ ತೆಗೆದರೆ ಮಾಂದಲಪಟ್ಟಿಯ ಅಷ್ಟೂ ಬೆಟ್ಟಗಳು ಬೆರಳಗಲದ ಒಂದು ಗೆರೆಯಾಗಿ, ಮೇಲೆ ಬರೀ ಆಕಾಶ, ಕೆಳಗೆ ಬರೀ ಹುಲ್ಲು ಉಳಿಯುತ್ತದೆ. 100ರಿಂದ 200ರ ನಡುವೆ ಹೋದರೆ ಬೆಟ್ಟಗಳು ಒಂದರ ಮೇಲೊಂದು ಒತ್ತಿ ಬಂದು, ಹತ್ತಿರದ್ದು ಕಡುಗಪ್ಪು, ದೂರದ್ದು ತಿಳಿನೀಲಿಯಾಗಿ ಪದರ ಕಾಣುತ್ತದೆ. ಆದರೆ 200ರಲ್ಲಿ ಶಟರ್ 1/200ಕ್ಕಿಂತ ನಿಧಾನವಾದರೆ ಕೈ ನಡುಗಿದ್ದು ಗೊತ್ತಾಗುತ್ತದೆ. ಚಿಕ್ಕ ಸೆನ್ಸರಾದರೆ 1/320 ಕ್ಷೇಮ. ಬೆಟ್ಟದ ಮೇಲೆ ಚಳಿಯೂ ಇರುತ್ತದೆ, ನೆನಪಿರಲಿ.

ಮಂಜಿನ ಪಾಠ ಕಲಿತವನಿಗೆ ಕಾಫಿ ಹೂ ಅರ್ಧ ಕಲಿತಂತೆಯೇ. ಅದೂ ಬಿಳಿ, ಅದಕ್ಕೂ ಪ್ಲಸ್. ಕಷ್ಟ ಇರುವುದು ದಿನ ಹಿಡಿಯುವುದರಲ್ಲಿ. ಫೆಬ್ರವರಿ-ಮಾರ್ಚ್ ಹೊತ್ತಿಗೆ ಹೂ ಅರಳಿಸುವ ಮಳೆ, ಅಂದರೆ ಹೂಮಳೆ, ಬಿದ್ದ ಸುಮಾರು ಎಂಟು-ಹತ್ತು ದಿನಕ್ಕೆ ರೊಬಸ್ಟಾ ತೋಟ ಒಮ್ಮೆಗೇ ಬೆಳ್ಳಗಾಗುತ್ತದೆ. ಎರಡು-ಮೂರು ದಿನ ಕಳೆದರೆ ಕಂದು ತಿರುಗಿ ಮುಗಿಯಿತು. ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುವ ಬೆಳೆಗಾರರಲ್ಲಿ ‘ನೀರು ಯಾವತ್ತು ಬಿಟ್ಟಿರಿ?’ ಎಂದು ಕೇಳಿಕೊಂಡರೆ ಲೆಕ್ಕ ಸುಲಭ. ಹೋಗುವುದಾದರೆ ಬಿಸಿಲೇರುವ ಮುಂಚೆ ಹೋಗಬೇಕು. ನಡುಹಗಲ ಬಿಸಿಲಲ್ಲಿ ಬಿಳಿ ಎಸಳು ಸುಣ್ಣವಾಗುತ್ತದೆ, ಕೆಳಗಿನ ಎಲೆ ಮಸಿಯಾಗುತ್ತದೆ. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಯಾವ ಕ್ಯಾಮೆರಾಕ್ಕೂ ಕಷ್ಟ. ತೆಳು ಮೋಡ ಇದ್ದ ದಿನವೇ ಹಬ್ಬ. ಜೇನ್ನೊಣವನ್ನು ಹತ್ತಿರದಿಂದ ಹಿಡಿಯಬೇಕೆಂದರೆ ಎಫ್ 8ರಿಂದ 11, ಶಟರ್ 1/500ರ ಆಸುಪಾಸು. ಎಲ್ಲವೂ ಸ್ಪಷ್ಟ ಬರಲೆಂದು ಎಫ್ 22ಕ್ಕೆ ಹೋದರೆ ಇಡೀ ಫೋಟೋ ಮೆತ್ತಗಾಗುತ್ತದೆ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಅಂಚಿಗೆ ತಾಗಿ ಚದುರುವುದರಿಂದ.

ಜಲಪಾತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲ್ಲಳ್ಳಿಯಾಗಲಿ, ಚೇಲಾವರವಾಗಲಿ, ಶಟರ್ 1/4ರಿಂದ 1/2 ಸೆಕೆಂಡಿನಲ್ಲಿ ನೀರಿನ ಎಳೆ ಉಳಿಯುತ್ತದೆ. ಮೂರು-ನಾಲ್ಕು ಸೆಕೆಂಡ್ ಬಿಟ್ಟರೆ ಎಳೆಯೂ ಹೋಗಿ ಬಿಳಿ ಗೋಡೆಯಾಗುತ್ತದೆ. ಟ್ರೈಪಾಡ್ ಬೇಕೇ ಬೇಕು, ಆದರೆ ಕಾವೇರಿ ನಿಸರ್ಗಧಾಮದ ತೂಗುಸೇತುವೆಯಂಥ ಕಡೆ ಅದನ್ನು ನಿಲ್ಲಿಸುವುದು ವ್ಯರ್ಥ, ಜನ ನಡೆದಂತೆಲ್ಲ ಸೇತುವೆಯೇ ಆಡುತ್ತದೆ. ದುಡ್ಡು ಹಾಕುವುದಿದ್ದರೆ ಪೋಲರೈಸರ್ ಫಿಲ್ಟರಿಗೆ ಹಾಕಿ. ನೆಂದ ಎಲೆಯ ಮೇಲಿನ ಬಿಳಿ ಹೊಳಪನ್ನು ಅದು ತೆಗೆಯುತ್ತದೆ, ಹಸಿರು ತಾನಾಗಿ ಗಾಢವಾಗುತ್ತದೆ. ಒಂದೂವರೆ-ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಬೆಳಕನ್ನೂ ತಿನ್ನುತ್ತದೆ, ಅದು ಬೆಲೆ. ಆ ಫಿಲ್ಟರ್ ಇಲ್ಲದವರು ಮನೆಗೆ ಬಂದು ಬಣ್ಣದ ಗುಂಡಿ ತಿರುಗಿಸುತ್ತಾರೆ. ಕೊಡಗಿನ ಹಸಿರು ಪ್ಲಾಸ್ಟಿಕ್ ಬಕೆಟಿನ ಹಸಿರಾಗುವುದು ಹೀಗೆ.

ಮಳೆಗಾಲಕ್ಕೆ ಬರೋಣ. ಕಲಿಯುವವನ ಶತ್ರು ಸೋಮಾರಿತನ ಎನ್ನುತ್ತಾರೆ. ಇಲ್ಲಿ ಮಾತ್ರ ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಇಳಿಯುವುದೇ ಇಲ್ಲ. ತೇವಾಂಶ ಶೇಕಡ 60 ದಾಟಿ ವಾರಗಟ್ಟಲೆ ಹಾಗೇ ನಿಂತರೆ ಲೆನ್ಸಿನ ಒಳಗೆ ಫಂಗಸ್ ಬೇರು ಬಿಡುತ್ತದೆ. ಲೆನ್ಸನ್ನು ಕಳಚಿ, ಹಿಂಬದಿಯಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಜೇಡನ ಬಲೆಯ ಎಳೆಗಳ ಹಾಗೆ ಕಾಣುವುದೇ ಅದು. ಬೇಗ ಕಂಡರೆ ರಿಪೇರಿಯವರು ತೆಗೆಯುತ್ತಾರೆ. ಬಿಟ್ಟರೆ ಅದು ಉಗುಳುವ ಆಮ್ಲ ಗಾಜಿನ ಲೇಪನವನ್ನೇ ತಿಂದು, ಗುರುತು ಖಾಯಂ ಆಗುತ್ತದೆ. ಇದಕ್ಕೆ ಮೊದಲ ಕಾರಣ ಕ್ಯಾಮೆರಾದ ಮೇಲಿನ ಅತಿಪ್ರೀತಿ. ಚರ್ಮದ ಚೀಲಕ್ಕೆ ಹಾಕಿ, ಬಟ್ಟೆ ಸುತ್ತಿ, ಬೀರುವಿನ ಒಳಗಿಟ್ಟು ಬೀಗ ಹಾಕುತ್ತಾರೆ. ಚರ್ಮ, ಬಟ್ಟೆ ಎರಡೂ ನೀರು ಹೀರುವ ಪದಾರ್ಥ, ಬೀರು ಕತ್ತಲು. ಫಂಗಸ್ಸಿಗೆ ಇನ್ನೇನು ಬೇಕು?

ಗಾಳಿಯಾಡದ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ನಿಲ್ಲಬೇಕು. 30ಕ್ಕಿಂತ ಕೆಳಗಿಳಿಸಿ ಗೆದ್ದೆವೆಂದುಕೊಳ್ಳಬಾರದು, ರಬ್ಬರಿಗೂ ಒಳಗಿನ ಗ್ರೀಸಿಗೂ ಅಷ್ಟು ಒಣಗಿದ ಗಾಳಿ ಒಳ್ಳೆಯದಲ್ಲ. ಜೆಲ್ಲಿನ ಕಿತ್ತಳೆ ಹರಳು ಬಣ್ಣ ಬದಲಿಸಿದರೆ ತೇವ ತುಂಬಿದೆ ಎಂದರ್ಥ. ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಣ್ಣ ಮರಳುವ ತನಕ ಬಿಸಿ ಮಾಡಿ, ಆರಿಸಿ ಮತ್ತೆ ಹಾಕಬಹುದು. ನೀಲಿ ಹರಳಿನ ಜೆಲ್ ತರಬೇಡಿ, ಅದರಲ್ಲಿ ಕೋಬಾಲ್ಟ್ ಇರುತ್ತದೆ. ಬಾಣಲೆ ಯಾವುದೇ ಇರಲಿ, ಆಮೇಲೆ ಅಡುಗೆಗೆ ಬೇಡ. ಅಕ್ಕಿ ಡಬ್ಬಿಯಲ್ಲಿ ಕ್ಯಾಮೆರಾ ಹುದುಗಿಸುವ ಸಲಹೆ ಊರೂರಲ್ಲೂ ಇದೆ. ಲೆನ್ಸಿನ ಸಂದಿಗೆ ಹಿಟ್ಟು ಸೇರುವುದೊಂದೇ ಅದರಿಂದ ಆಗುವ ಲಾಭ. ಎಲ್ಲಕ್ಕಿಂತ ಒಳ್ಳೆಯ ಮದ್ದು ವಾರಕ್ಕೊಮ್ಮೆ ಕ್ಯಾಮೆರಾ ಹೊರತೆಗೆದು ಬಳಸುವುದು. ಮಳೆಗಾಲದಲ್ಲಿ ತೆಗೆಯಲು ಕಪ್ಪೆ, ಅಣಬೆ, ಏಲಕ್ಕಿ ಗಿಡದ ಬುಡ, ಏನಿಲ್ಲ? ಜಿಗಣೆಗೆ ಹೆದರುವವರು ಜಗಲಿಯಿಂದಲೇ ತೆಗೆಯಲಿ.

ಇನ್ನೊಂದು ಬೆವರು ಚಳಿಗಾಲದ್ದು. ಬೆಟ್ಟದ ಮೇಲೆ ಬೆಳಗಿನ ಜಾವ ತಣ್ಣಗಾದ ಕ್ಯಾಮೆರಾವನ್ನು ಹಾಗೇ ಹಿಡಿದು ಒಲೆ ಉರಿಯುವ ಅಡುಗೆಮನೆಗೆ ನುಗ್ಗಿದರೆ ಗಾಜಿನ ಮೇಲೆಲ್ಲ ಹನಿ ಕೂರುತ್ತದೆ. ಹೊರಗೇ ಚೀಲಕ್ಕೆ ಹಾಕಿ ಜಿಪ್ ಎಳೆದು, ಒಳಗೆ ತಂದು ಅರ್ಧ ಗಂಟೆ ಮುಟ್ಟದೆ ಇಡಬೇಕು. ಮೆಮರಿ ಕಾರ್ಡನ್ನು ಮೊದಲೇ ತೆಗೆದಿಟ್ಟುಕೊಂಡರೆ ಆ ಅರ್ಧ ಗಂಟೆ ಅಷ್ಟು ದೀರ್ಘ ಅನ್ನಿಸುವುದಿಲ್ಲ.

ಮನುಷ್ಯರ ಫೋಟೋ ತೆಗೆಯುವವರಿಗೆ ಕೊಡವ ಮದುವೆಗಿಂತ ಕಠಿಣ ಪಾಠಶಾಲೆ ಇಲ್ಲ. ಕೊಡವ ಗಂಡಸರ ಉದ್ದನೆಯ ನಿಲುವಂಗಿ ಕುಪ್ಯ; ನೆಂಟರದ್ದು ಕಪ್ಪು, ಮದುಮಗನದ್ದು ಬಿಳಿ. ಕಪ್ಪು ಚೌಕಟ್ಟು ತುಂಬಿದಾಗ ಮೀಟರ್ ಬೆಳಕು ಏರಿಸಿ ಮುಖವನ್ನು ಸುಡುತ್ತದೆ. ಬಿಳಿ ತುಂಬಿದಾಗ ಇಳಿಸಿ ಮುಖವನ್ನು ಕಪ್ಪು ಮಾಡುತ್ತದೆ. ಪ್ರತಿ ಸಲ ಪ್ಲಸ್-ಮೈನಸ್ ತಿರುಗಿಸುತ್ತ ಕೂತರೆ ಊಟದ ಪಂತಿ ಎದ್ದಿರುತ್ತದೆ. ಅಳತೆಯೆಲ್ಲ ನಾವೇ ಕೊಡುವ ಮ್ಯಾನ್ಯುವಲ್‌ಗೆ ಹೋಗಿ, ಚಪ್ಪರದ ನೆರಳಲ್ಲಿ ನಿಂತ ಒಂದು ಮುಖಕ್ಕೆ ಸರಿಯಾಗಿ ಅಳತೆ ಮಾಡಿ ಬಿಟ್ಟುಬಿಡಬೇಕು. ಅದೇ ನೆರಳಲ್ಲಿ ಯಾರು ಯಾವ ಬಣ್ಣ ತೊಟ್ಟು ಬಂದರೂ ಬೀಳುವ ಬೆಳಕು ಅದೇ. ಇನ್ನು ಕೊಡವ ಸೀರೆಯ ನೆರಿಗೆ ಇರುವುದು ಹಿಂಬದಿಗೆ. ಸಾಲಾಗಿ ಎದುರು ನಿಲ್ಲಿಸಿ ತೆಗೆದ ಗುಂಪು ಫೋಟೋದಲ್ಲಿ ಆ ಉಡುಗೆಯ ಸೊಗಸು ಅರ್ಧವೂ ಬರುವುದಿಲ್ಲ. ಪಕ್ಕಕ್ಕೆ ಬನ್ನಿ, ಅವರು ನಡೆಯುವಾಗ ತೆಗೆಯಿರಿ.

ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಕದಿರು ತೆಗೆಯುವಾಗ ಫ್ಲ್ಯಾಶ್ ಹಾಕಬಾರದು, ದೀಪದ ಬೆಳಕೇ ಸತ್ತುಹೋಗುತ್ತದೆ. ಎಫ್ 1.8, ಶಟರ್ 1/60, ಬೆಳಕಿನ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ 3200. ಬೆಳಕಿನ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ತೆಗೆದು 3000 ಕೆಲ್ವಿನ್ ಆಸುಪಾಸು ನಿಲ್ಲಿಸಿ, ಇಲ್ಲದಿದ್ದರೆ ಕ್ಯಾಮೆರಾ ದೀಪದ ಹೊಂಬಣ್ಣವನ್ನು ರೋಗವೆಂದು ತಿಳಿದು ತಿದ್ದಲು ಹೋಗುತ್ತದೆ. ಮಡಿಕೇರಿ ದಸರೆಯ ಮೆರವಣಿಗೆಯಲ್ಲಿ ಬರುವ ದಶಮಂಟಪಗಳದ್ದು ಇದಕ್ಕೆ ತದ್ವಿರುದ್ಧ: ಅಲ್ಲಿ ಬೆಳಕು ಬೇಕಾದಷ್ಟು, ಆದರೆ ಮಿಟುಕುವ ಎಲ್‌ಇಡಿ. ಶಟರನ್ನು 1/50 ಅಥವಾ 1/100ಕ್ಕೆ ಕಟ್ಟಿಹಾಕದಿದ್ದರೆ ಚಿತ್ರದ ಮೇಲೆ ಅಡ್ಡ ಪಟ್ಟಿ ಬರಬಹುದು. ಮೈನಸ್ 2/3 ಇಟ್ಟರೆ ಕೆಂಪು ಬೆಳಕಿನ ದೇವರ ಮುಖದಲ್ಲಿ ಮೂಗು-ಬಾಯಿ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದ್ದು ಸರಿಬಂತೋ ಇಲ್ಲವೋ ಎಂದು ಮೊಬೈಲ್ ಪರದೆ ಹೇಳುವುದಿಲ್ಲ. ಆ ಅಳತೆಯಲ್ಲಿ ಎಲ್ಲವೂ ಸ್ಪಷ್ಟವೇ. ತಿಂಗಳಿಗೆ ಒಂದನ್ನಾದರೂ 8x12 ಇಂಚಿನ ಪ್ರಿಂಟ್ ಹಾಕಿಸಬೇಕು. ಒಂದು ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಅದಕ್ಕೆ 2400x3600 ಪಿಕ್ಸೆಲ್ ಸಾಕು, ಅಂದರೆ ಒಂಬತ್ತು ಮೆಗಾಪಿಕ್ಸೆಲ್ ಒಳಗೇ. ಹೊಸ ಕ್ಯಾಮೆರಾ ಕೊಳ್ಳಲು ಇದೂ ನೆಪವಾಗದು. ಕಾಗದದ ಮೇಲೆ ತಪ್ಪಿದ ಫೋಕಸ್, ವಾಲಿದ ದಿಗಂತ, ಮೂಲೆಯಲ್ಲಿ ನುಸುಳಿದ ಕರೆಂಟ್ ತಂತಿ ಎಲ್ಲ ಎದ್ದು ಕಾಣುತ್ತವೆ. ಅದನ್ನು ಮತ್ತೊಬ್ಬ ಫೋಟೋಗ್ರಾಫರ್‌ಗೆ ತೋರಿಸಿದರೆ ಲೆನ್ಸ್ ಯಾವುದೆಂದು ಕೇಳುತ್ತಾನೆ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರಿಗೆ ತೋರಿಸಿ ನೋಡಿ. ಕನ್ನಡಕ ಏರಿಸಿ, ಪ್ರಿಂಟನ್ನು ಬೆಳಕಿಗೆ ಹಿಡಿದು, ನೀವು ವಾರಗಟ್ಟಲೆ ಕಾದು ತೆಗೆದ ಹೂವನ್ನು ದಾಟಿ, ಹಿಂದೆ ಮಸುಕಾಗಲಿ ಎಂದು ಬಿಟ್ಟ ಮರದ ಮೇಲೆ ಬೆರಳಿಡುತ್ತಾರೆ: “ಇದು ಯಾರ ತೋಟ? ಈ ವರ್ಷ ಕೊಂಬೆ ಕಡಿಸಿ ಮರಗಸಿಯೇ ಮಾಡಿಸಿಲ್ಲವಲ್ಲ!”